ಪಾಯದ ಮಣ್ಣಲ್ಲಿ ಗಿಡ ಏಳುತ್ತಿಲ್ಲ

ಪ್ರಶ್ನೆ: ಭದ್ರಾವತಿಯ ಹೊಸಮನೆಯಲ್ಲಿ ಮನೆ ಕಟ್ಟಿಸಿದೆವು. ಪಾಯ ತೆಗೆದ ಕೆಂಪು ಮಣ್ಣನ್ನೇ ಹಿತ್ತಲಿಗೆ ಹರಡಿದ್ದೇವೆ. ಮಲ್ಲಿಗೆ, ಕರಿಬೇವು ಸೊರಗುತ್ತಿವೆ. ಏನು ಮಾಡಲಿ?

ಉತ್ತರ: ಅದು ಇನ್ನೂ ಪೂರ್ತಿ ಮಣ್ಣಾಗದ ಕಲ್ಲು. ಒಂದು ಚಿಟಿಕೆ ಒದ್ದೆ ಮಾಡಿ ಬೆರಳಲ್ಲಿ ಉಜ್ಜಿ ನೋಡಿ. ಚುಚ್ಚುವ ಹರಳು ಬೆಣಚುಕಲ್ಲಿನದು, ಸುಲಭಕ್ಕೆ ಕರಗದು. ಜಿಗುಟಾದದ್ದು ಫೆಲ್ಡ್‌ಸ್ಪಾರ್ ಮಳೆನೀರಿಗೆ ಕೊಳೆತು ಆದ ಜೇಡಿ. ಕೆಂಪು ಬಣ್ಣ ಕಬ್ಬಿಣದ ತುಕ್ಕು. ಮಲೆನಾಡಿನ ಮಳೆ ಸುಣ್ಣ, ಪೊಟ್ಯಾಷನ್ನು ತೊಳೆದೊಯ್ದು ಕಬ್ಬಿಣವನ್ನು ಉಳಿಸುತ್ತದೆ. ಅದೇ ಗಟ್ಟಿಯಾದರೆ ಜಂಬಿಟ್ಟಿಗೆ. ಗಿಡಕ್ಕೆ ಬೇಕಾದ ಕೊಳೆತ ಸೊಪ್ಪುಸದೆ, ಸೂಕ್ಷ್ಮಜೀವಿಗಳು ಮೇಲ್ಮಣ್ಣಲ್ಲಷ್ಟೇ ಹೆಚ್ಚು. ಅರ್ಧ ಅಡಿ ಮೇಲ್ಮಣ್ಣು, ಕೊಟ್ಟಿಗೆ ಗೊಬ್ಬರ ಬೆರೆಸಿ, ದರಗು ಮುಚ್ಚಿ. ಮಣ್ಣು ಪರೀಕ್ಷೆ ಮಾಡಿಸದೆ ಸುಣ್ಣ ಹಾಕಬೇಡಿ.