ಮಸೀದಿ ಒಳಗೆ ಏನೇನು ನಡೆಯುತ್ತೆ?

ಬಸ್ಸಲ್ಲಿ ಸಿಟಿ ಮಾರ್ಕೆಟ್ ದಾಟುವಾಗ ಜಾಮಿಯಾ ಮಸೀದಿಯ ಬಿಳಿ ಮಿನಾರ್‌ಗಳನ್ನು ನಾವೆಲ್ಲ ನೋಡಿರ್ತೀವಿ. ಶುಕ್ರವಾರ ಮಧ್ಯಾಹ್ನ ಆ ಕಡೆ ರಶ್ ಜಾಸ್ತಿ ಅಂತಲೂ ಗೊತ್ತು. ನಮ್ಮಲ್ಲಿ ಬಹಳ ಜನರ ತಿಳುವಳಿಕೆ ಅಲ್ಲಿಗೇ ನಿಲ್ಲುತ್ತೆ. ನಮ್ಮದೂ ನಿಂತಿತ್ತು.

ಕಳೆದ ಸೆಮಿಸ್ಟರ್‌ನಲ್ಲಿ ಕ್ಲಾಸ್‌ಮೇಟ್ ಒಬ್ಬನ ತಾತ ರಾತ್ರಿ ತೀರಿಕೊಂಡರು. ಅವನ ಮನೆಯವರು ರಾಯಚೂರಿನಿಂದ ಬೆಂಗಳೂರಿಗೆ ಬಂದು ಮೂರು ತಿಂಗಳೂ ಆಗಿರಲಿಲ್ಲ. ಹೆಗಲು ಕೊಡೋಕೆ ಜನ ಬೇಕಲ್ಲ ಅಂತ ನಾವು ಐದು ಜನ ಬೆಳಗ್ಗೆ ಹೋದರೆ, ಬಾಗಿಲಲ್ಲಿ ಚಪ್ಪಲಿ ಬಿಡೋಕೂ ಜಾಗ ಇರಲಿಲ್ಲ. ಬೆಳಗಿನ ಫಜರ್ ನಮಾಜ್ ಮುಗಿದ ಮೇಲೆ ಏರಿಯಾದ ಮಸೀದಿಯಲ್ಲಿ ಸುದ್ದಿ ಹೇಳಿದ್ದರಂತೆ. ಶವಕ್ಕೆ ಸ್ನಾನ ಮಾಡಿಸೋ ಹಲಗೆ, ಹೊತ್ತೊಯ್ಯುವ ಮಂಚ ಎರಡೂ ಮಸೀದಿಯದೇ. ಕಫನ್ ಬಟ್ಟೆ ತಂದವರು, ಖಬರಸ್ತಾನದಲ್ಲಿ ಜಾಗ ಮಾತಾಡಿದವರು ಯಾರು ಅಂತ ಕೇಳಿದ್ದಕ್ಕೆ ಅವನು, "ಹೆಸರು ಗೊತ್ತಿಲ್ಲ ಮಗಾ, ಮಸೀದಿಯವರು" ಅಂದ.

ಇದಕ್ಕೆ 'ಫರ್ಜ್ ಕಿಫಾಯಾ' ಅಂತಾರೆ. ಊರಿನ ಕೆಲವರು ಮಾಡಿದರೆ ಎಲ್ಲರ ಕರ್ತವ್ಯವೂ ತೀರಿತು. ಯಾರೂ ಮಾಡದಿದ್ದರೆ ಪಾಪ ಎಲ್ಲರ ಮೇಲೂ. ಜನಾಜಾ ನಮಾಜ್ ಇದೇ ಬಗೆಯದು. ಬೇರೆ ನಮಾಜಿನ ಹಾಗೆ ಬಾಗೋದು, ಸಜ್ದಾ ಮಾಡೋದು ಇದರಲ್ಲಿಲ್ಲ. ನಿಂತುಕೊಂಡೇ ನಾಲ್ಕು ಸಲ ತಕ್ಬೀರ್ ಹೇಳ್ತಾರೆ. ಆದರೆ ಹೊಸದಾಗಿ ಬಂದ ಮನೆಯಲ್ಲಿ ಸಾವಾಗಿದೆ ಅಂತ ಆ 'ಕೆಲವರಿಗೆ' ಗೊತ್ತಾಗಬೇಕಲ್ಲ? ಇಷ್ಟು ದೊಡ್ಡ ಸಿಟಿಯಲ್ಲಿ ಆ ಕೆಲಸ ಮಸೀದಿ ಮಾಡುತ್ತೆ.

ಉಳಿದದ್ದನ್ನೂ ಅವನ ಹತ್ತಿರವೇ ಕೇಳಿಕೊಂಡೆವು. ಪೇಶ್ ಇಮಾಮ್ ನಮಾಜ್ ನಡೆಸ್ತಾರೆ, ಮೊಅಜ್ಜಿನ್ ಆಜಾನ್ ಕೊಡ್ತಾರೆ, ಲೆಕ್ಕಪತ್ರ ಕಮಿಟಿಯದು. ಮಕ್ಕಳಿಗೆ ಅರಬ್ಬಿ ಪಾಠ, ನಿಕಾಹ್, ರಂಜಾನಿನಲ್ಲಿ ಇಫ್ತಾರ್ ಎಲ್ಲ ಅಲ್ಲೇ. ಉಳಿತಾಯ ಒಂದು ಮಿತಿ ದಾಟಿ ಒಂದು ಚಾಂದ್ರಮಾನ ವರ್ಷ ಕೈಲಿದ್ದರೆ ಅದರ 2.5% ಜಕಾತ್ ಕೊಡಬೇಕು. ಅದು ಬಡವರಿಗೆ, ಸಾಲದಲ್ಲಿರೋರಿಗೆ ಸೇರಬೇಕಾದ ಹಣ. ಗೋಡೆಗೆ ಸುಣ್ಣಬಣ್ಣ ಅಂತ ಖರ್ಚು ಮಾಡೋ ಹಾಗಿಲ್ಲ ಅಂತ ಬಹುಪಾಲು ವಿದ್ವಾಂಸರು ಹೇಳ್ತಾರೆ.

ಇಂಜಿನಿಯರ್‌ಗಳಲ್ವಾ, ಕಿಬ್ಲಾ ದಿಕ್ಕನ್ನೂ ಲೆಕ್ಕ ಹಾಕಿದೆವು. ಬೆಂಗಳೂರಿನಿಂದ ಮೆಕ್ಕಾ ನೇರ ಪಶ್ಚಿಮ ಅಲ್ಲ, ಸುಮಾರು 18 ಡಿಗ್ರಿ ಉತ್ತರಕ್ಕೆ ವಾಲುತ್ತೆ. ಗೋಲತ್ರಿಕೋನಮಿತಿ ಮೊದಲ ಸಲ ಉಪಯೋಗಕ್ಕೆ ಬಂತು!

ಜುಮಾ ನಮಾಜ್ ಒಬ್ಬನೇ ಮಾಡೋಕೆ ಬರಲ್ಲ, ಜಮಾತ್ ಜೊತೆಗೇ ಆಗಬೇಕು. ಶುಕ್ರವಾರ ನಮ್ಮ ಲ್ಯಾಬ್ 1.30ಕ್ಕೆ. ಅವನು ಓಡಿ ಬರೋಷ್ಟರಲ್ಲಿ 1.50 ಆಗಿರುತ್ತೆ. ಈಗೀಗ ಅವನ ಬ್ರೆಡ್‌ಬೋರ್ಡ್ ಕನೆಕ್ಷನ್ ನಾವೇ ಮಾಡಿಟ್ಟಿರ್ತೀವಿ.