ಕವಚ್: ಓಡುವ ರೈಲಿನ ಮೇಲೆ ನಿಸ್ತಂತು ನಿಗಾ

ಕೆಪಿಎಸ್‌ಸಿ, ರೈಲ್ವೆ ಪರೀಕ್ಷೆಗಳಿಗೆ ಓದುತ್ತಿರುವ ಜಾಲಹಳ್ಳಿ, ದೇವದುರ್ಗ, ಮಾನ್ವಿ ಭಾಗದ ಅಭ್ಯರ್ಥಿಗಳು ಕವಚ್ ಬಗ್ಗೆ ಚೆನ್ನಾಗಿ ತಿಳಿದಿರಬೇಕು. ಇದರ ಪ್ರಯೋಗ ನಡೆದ ಮಾರ್ಗಗಳು ನಮ್ಮ ಕಲ್ಯಾಣ ಕರ್ನಾಟಕವನ್ನೂ ಮುಟ್ಟುತ್ತವೆ.

ಏನಿದು? ದೇಶೀಯವಾಗಿ ರೂಪಿಸಿದ ಸ್ವಯಂಚಾಲಿತ ರೈಲು ಸುರಕ್ಷತಾ ವ್ಯವಸ್ಥೆ.

ಕೆಲಸ ಮಾಡುವ ಬಗೆ
- ಹಳಿಗಳ ನಡುವೆ ಆರ್‌ಎಫ್‌ಐಡಿ (ರೇಡಿಯೊ ತರಂಗದಿಂದ ಗುರುತಿಸುವ) ಟ್ಯಾಗ್‌ಗಳಿರುತ್ತವೆ. ಇವುಗಳಿಗೆ ಬ್ಯಾಟರಿ ಬೇಕಿಲ್ಲ.
- ಎಂಜಿನ್‌ನ ಕೆಳಗಿರುವ ರೀಡರ್ ಟ್ಯಾಗ್ ಓದಿ ರೈಲು ಇರುವ ಜಾಗವನ್ನು ಗುರುತಿಸುತ್ತದೆ. ಎರಡು ಟ್ಯಾಗ್‌ಗಳ ನಡುವಿನ ದೂರವನ್ನು ಚಕ್ರದ ವೇಗ ಸಂವೇದಕ ಲೆಕ್ಕ ಹಾಕುತ್ತದೆ.
- ಈ ಮಾಹಿತಿ ಯುಎಚ್‌ಎಫ್ ರೇಡಿಯೊ ಮೂಲಕ ನಿಲ್ದಾಣದ ಘಟಕಕ್ಕೆ ತಲುಪುತ್ತದೆ. ಅಲ್ಲಿಂದ ಎಷ್ಟು ದೂರ ಸಾಗಬಹುದೆಂಬ ಅನುಮತಿ ಎಂಜಿನ್‌ಗೆ ಬರುತ್ತದೆ.
- ಲೋಕೊ ಪೈಲಟ್ ಕೆಂಪು ಸಿಗ್ನಲ್ ದಾಟುವಂತಿದ್ದರೆ ಅಥವಾ ವೇಗಮಿತಿ ಮೀರಿದರೆ ಎಚ್ಚರಿಕೆ ಮೊಳಗುತ್ತದೆ. ಆತ ಸ್ಪಂದಿಸದಿದ್ದರೆ ಬ್ರೇಕ್ ತಾನಾಗಿ ಬೀಳುತ್ತದೆ.

ನೆನಪಿಡಿ
- ಅಭಿವೃದ್ಧಿ: ಆರ್‌ಡಿಎಸ್‌ಒ (ರೈಲ್ವೆಯ ಸಂಶೋಧನಾ ಸಂಸ್ಥೆ), ಲಖನೌ, ಭಾರತೀಯ ಕಂಪನಿಗಳ ಸಹಯೋಗ
- ಹಳೆಯ ಹೆಸರು: ಟಿಸಿಎಎಸ್ (ರೈಲು ಡಿಕ್ಕಿ ತಡೆ ವ್ಯವಸ್ಥೆ)
- ಪ್ರಯೋಗ ಮಾರ್ಗಗಳು: ಲಿಂಗಂಪಲ್ಲಿ–ವಿಕಾರಾಬಾದ್–ವಾಡಿ, ವಿಕಾರಾಬಾದ್–ಬೀದರ್ (ದಕ್ಷಿಣ ಮಧ್ಯ ರೈಲ್ವೆ)
- ಪ್ರಯಾಣಿಕ ರೈಲಿನಲ್ಲಿ ಪ್ರಯೋಗ ಆರಂಭ: 2016ರ ಫೆಬ್ರುವರಿ
- ರಾಷ್ಟ್ರೀಯ ವ್ಯವಸ್ಥೆಯಾಗಿ ಅಂಗೀಕಾರ: 2020ರ ಜುಲೈ
- ಸುರಕ್ಷತಾ ಮಟ್ಟ: ಎಸ್‌ಐಎಲ್-4 (ಅತ್ಯುನ್ನತ ಮಟ್ಟ)
- 4.0 ಆವೃತ್ತಿಗೆ ಅನುಮೋದನೆ: 2024ರ ಜುಲೈ

ಪ್ರಯೋಗ ಮಾರ್ಗದ ತುದಿಯಲ್ಲಿರುವ, ಕಲಬುರಗಿ ಜಿಲ್ಲೆಯ ವಾಡಿ ಜಂಕ್ಷನ್‌ನಿಂದ ರಾಯಚೂರಿಗೆ ಬರುವ ಹಳಿ ಮುಂಬೈ–ಚೆನ್ನೈ ಮುಖ್ಯ ಮಾರ್ಗದ ಭಾಗ. ನಕ್ಷೆಯಲ್ಲಿ ಇದನ್ನು ಗುರುತಿಸಿಕೊಳ್ಳಿ.

ಮಾದರಿ ಪ್ರಶ್ನೆ: ಕವಚ್‌ನಲ್ಲಿ ರೈಲಿನ ಸ್ಥಾನ ಗುರುತಿಸಲು ಹಳಿಯಲ್ಲಿ ಅಳವಡಿಸುವ ಸಾಧನ ಯಾವುದು?
ಉತ್ತರ: ಆರ್‌ಎಫ್‌ಐಡಿ ಟ್ಯಾಗ್