ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆಯೇ?

ಇಂಡಿ ಬಳಿಯ ಸಾಲೋಟಗಿಯ ಕ್ರಿ.ಶ. 945ರ ಶಾಸನ ಹೇಳುವ ವಿದ್ಯಾಶಾಲೆಗೆ ಬೇರೆ ಬೇರೆ ನಾಡುಗಳಿಂದ ವಿದ್ಯಾರ್ಥಿಗಳು ಬರುತ್ತಿದ್ದರು. ಹೊಸಬರ ನಡುವೆ ಅವರಲ್ಲೂ ಕೆಲವರಿಗೆ ಬಾಯಿ ಒಣಗಿರಬೇಕು. ಇಂದು ಇಂಡಿಯ ಬಸ್ಸು ಹತ್ತಿ ಕಾಲೇಜಿಗೆ ಹೋಗುವ ತಮ್ಮ, ತಂಗಿ, ಜನರೆದುರಿನ ಭಯ ನಿಮ್ಮ ದಿನಗಳನ್ನೇ ನುಂಗುತ್ತಿದ್ದರೆ ಅದಕ್ಕೆ ಚಿಕಿತ್ಸೆಯಿದೆ.

ಆಪ್ತಸಮಾಲೋಚಕರ ಜೊತೆ ಕೂತು ಮಾತಾಡುತ್ತ ಹೋದಂತೆ, ನಡುಗುವ ಕೈ, ಬೆವರುವ ಹಣೆಯ ಮೇಲೆ ನೆಟ್ಟಿದ್ದ ಗಮನ ಎದುರಿನವರ ಮಾತಿನತ್ತ ಹೊರಳತೊಡಗುತ್ತದೆ. ‘ನಕ್ಕೇ ನಗುತ್ತಾರೆ’ ಎಂಬ ತೀರ್ಪು ‘ನಗಬಹುದು, ನೋಡೋಣ’ ಎಂಬ ಊಹೆಯಾಗುತ್ತದೆ. ಕಿರಾಣಿ ಅಂಗಡಿಯಲ್ಲಿ ಬೇಕೆಂದೇ ಒಂದು ಪ್ರಶ್ನೆ ಕೇಳಿ ಆ ಊಹೆಯನ್ನು ಪರೀಕ್ಷಿಸುತ್ತೀರಿ. ಆಡಿದ ಮಾತನ್ನು ರಾತ್ರಿಯಿಡೀ ಕೆದಕುವ ಅಭ್ಯಾಸ ಬಿಡುವುದು ನಿಧಾನ, ಬೇಸರಿಸಬೇಡಿ.

ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಉಚಿತವಾಗಿ, ಕನ್ನಡದಲ್ಲೇ ಮಾತಾಡಬಹುದು. ಕರೆ ಮಾಡಲೂ ಅಂಜಿಕೆಯಾದರೆ ಅಕ್ಕನೋ ಗೆಳೆಯನೋ ಪಕ್ಕದಲ್ಲಿ ಕೂತಿರಲಿ.